"ಇವನು ಯಾವ ಊರಿನವನೋ?" – ದೊಡ್ಡ ಬಜೆಟ್ ಸಿನಿಮಾಗಳೆಲ್ಲ ಒಂದೇ ಥರ ಯಾಕೆ?

ಶರಾವತಿ_ದಡ
ಹೋದ ಭಾನುವಾರ ಅಪ್ಪನನ್ನೂ ಮಕ್ಕಳನ್ನೂ ಕರೆದುಕೊಂಡು ಒಂದು ದೊಡ್ಡ ಬಜೆಟ್ಟಿನ ಸಿನಿಮಾಗೆ ಹೋಗಿದ್ದೆ. ಹೆಸರು ಬೇಡ. ನನ್ನ ಪ್ರಶ್ನೆ ಆ ಒಂದು ಸಿನಿಮಾ ಬಗ್ಗೆ ಅಲ್ಲ. ಈ ಐದಾರು ವರ್ಷದಲ್ಲಿ ನೋಡಿದ ಎಷ್ಟೋ ಸಿನಿಮಾಗಳ ಬಗ್ಗೆ.

ಶುರುವಿನಲ್ಲೇ ಒಂದು ಗಡಸು ದನಿ ಕಥೆ ಹೇಳುತ್ತದೆ. ಒಂದು ಊರು, ಎಲ್ಲಿ ನೋಡಿದರೂ ಧೂಳು, ಹೊಗೆ, ಕಪ್ಪು ಬಟ್ಟೆ. ಊರವರೆಲ್ಲ ತಲೆ ತಗ್ಗಿಸಿ ನಿಂತಿರುತ್ತಾರೆ. ಹೀರೋ ಬರುವ ಮೊದಲು ಹತ್ತು ನಿಮಿಷ ಬೇರೆಯವರು ಅವನ ಬಗ್ಗೆ ಮಾತಾಡುತ್ತಾರೆ. ಆಮೇಲೆ ಕಾಲು ತೋರಿಸುತ್ತಾರೆ, ಆಮೇಲೆ ಬೆನ್ನು, ಆಮೇಲೆ ಸಿಗರೇಟು, ಕೊನೆಗೆ ಮುಖ. ಇಂಟರ್ವಲ್‌ಗೆ ಐದು ನಿಮಿಷ ಇರುವಾಗ ಅವನು ನಿಜವಾಗಿ ಯಾರು ಅಂತ ಗೊತ್ತಾಗುತ್ತದೆ. ಫ್ಲ್ಯಾಶ್‌ಬ್ಯಾಕಿನಲ್ಲಿ ಅಮ್ಮ ಸಾಯುತ್ತಾಳೆ. ಕೊನೆಗೆ ಇನ್ನೊಬ್ಬ ದೊಡ್ಡ ವಿಲನ್ನಿನ ನೆರಳು ತೋರಿಸಿ, ಉಳಿದದ್ದು ಎರಡನೇ ಭಾಗದಲ್ಲಿ ಅಂತ ಮನೆಗೆ ಕಳಿಸುತ್ತಾರೆ.

ನನ್ನ ಮಗನಿಗೆ ಹನ್ನೆರಡು ವರ್ಷ. ಮುಂದೇನಾಗುತ್ತದೆ ಅಂತ ಪ್ರತಿ ಸಲ ಸರಿಯಾಗಿ ಹೇಳುತ್ತಿದ್ದ. ಅಪ್ಪ ಏನೂ ಮಾತಾಡಲಿಲ್ಲ. ಇಂಟರ್ವಲ್‌ನಲ್ಲಿ ಕಾಫಿ ಕುಡಿಯುತ್ತಾ ಒಂದೇ ಒಂದು ಪ್ರಶ್ನೆ ಕೇಳಿದರು. "ಇವನು ಯಾವ ಊರಿನವನೋ?"

ನನಗೆ ಉತ್ತರ ಗೊತ್ತಿರಲಿಲ್ಲ. ಒಂದೂವರೆ ಗಂಟೆ ಕಣ್ಣು ಮಿಟುಕಿಸದೆ ನೋಡಿದ್ದೆ. ಆ ಊರಲ್ಲಿ ಏನು ಬೆಳೆಯುತ್ತಾರೆ, ಏನು ಉಣ್ಣುತ್ತಾರೆ, ಯಾವ ದೇವರಿಗೆ ನಡೆದುಕೊಳ್ಳುತ್ತಾರೆ, ಒಂದೂ ಗೊತ್ತಿಲ್ಲ. ಇಷ್ಟು ಕೋಟಿ ಹಾಕುವವರಿಗೆ ಒಂದು ಊರು ಕಟ್ಟೋಕೆ ಯಾಕೆ ಆಗ್ತಿಲ್ಲ? ಸೆಟ್ ಅಲ್ಲ, ಊರು.

ಕೊಟ್ಟೂರು_ಬಸ್
ನಿಮ್ಮ ಅಪ್ಪನ ಪ್ರಶ್ನೆ ಸರಿಯಾಗಿದೆ. ನಾನೂ ಅದೇ ಸಿನಿಮಾ ನೋಡಿರಬೇಕು.

ಗಾಂಧಿಕ್ಲಾಸ್
ಹೆಸರೇ ಹೇಳದಿದ್ದರೂ ಎಲ್ಲರಿಗೂ ಇದು ತಾವು ನೋಡಿದ ಸಿನಿಮಾ ಅನ್ನಿಸುತ್ತಿದೆ. ಸಮಸ್ಯೆ ಅಲ್ಲೇ ಇದೆ.

ಬಳ್ಳಾರಿ_ಬಿಸಿಲು
ಸ್ವಲ್ಪ ತಡೀರಿ. ಎಲ್ಲರೂ ಸೇರಿ ಮಾಸ್ ಸಿನಿಮಾಗೆ ಬೈಯೋದು ಸುಲಭ. 2018ರ ಡಿಸೆಂಬರ್ 21, ಕೆಜಿಎಫ್ ಮೊದಲ ಭಾಗ ಬಂದ ದಿನ, ನಾನು ಬೆಳಗಿನ ಶೋಗೆ ಹೋಗಿದ್ದೆ. ಆಗ ನಾನು ಹೈದರಾಬಾದಿನಲ್ಲಿ ಕೆಲಸದಲ್ಲಿದ್ದೆ. ಅದಕ್ಕೂ ಮುಂಚೆ ಆಫೀಸಿನಲ್ಲಿ ಕನ್ನಡ ಸಿನಿಮಾ ಅಂದರೆ "ನಿಮ್ಮಲ್ಲೂ ಸಿನಿಮಾ ಮಾಡ್ತಾರಾ" ಅಂತ ಕೇಳುತ್ತಿದ್ದರು. ನನಗೆ ಅದು ಎಷ್ಟು ನೋವು ಕೊಡುತ್ತಿತ್ತು ಅಂತ ಹೇಳೋಕಾಗಲ್ಲ. ಆ ಸಿನಿಮಾ ಬಂದ ಮೇಲೆ ಅದೇ ಜನ ನನ್ನ ಹತ್ತಿರ ಬಂದು ಎರಡನೇ ಭಾಗ ಯಾವಾಗ ಅಂತ ಕೇಳಿದರು. 2022ರ ಏಪ್ರಿಲ್ 14ಕ್ಕೆ ಎರಡನೇ ಭಾಗ ಬಂದಾಗ ಪ್ರಪಂಚದಾದ್ಯಂತ ಸಾವಿರ ಕೋಟಿ ದಾಟಿತು. ಕನ್ನಡದ ಸಿನಿಮಾ!

ಕಾಲು, ಬೆನ್ನು, ಮುಖ ಅಂತ ಬರೆದಿದ್ದೀರಲ್ಲ, ಆ ಮುಖ ಬರುವಾಗ ಥಿಯೇಟರಿನಲ್ಲಿ ಎಂಟುನೂರು ಜನ ಒಟ್ಟಿಗೆ ಎದ್ದು ನಿಂತರು. ನನಗೆ ಆ ನಿಮಿಷ ಬೇಕು. ಅದಕ್ಕೇ ದುಡ್ಡು ಕೊಡುತ್ತೇನೆ. ಫಾರ್ಮುಲಾ ಆದರೆ ಆಗಲಿ.

ಶರಾವತಿ_ದಡ
ಆ ನಿಮಿಷ ನನಗೂ ಇಷ್ಟವೇ. ನಾನೂ ಎದ್ದು ನಿಂತವನೇ. ಆದರೆ ಆ ಸಿನಿಮಾ ಎದ್ದು ನಿಲ್ಲಿಸಿತು, ಅದನ್ನು ನೋಡಿ ಮಾಡಿದವು ಕೂರಿಸಿಬಿಟ್ಟವು. ಯಾಕೆ ಅನ್ನೋದೇ ನನ್ನ ಪ್ರಶ್ನೆ.

ಎಡಿಟ್_ಟೇಬಲ್
ನಾನು ಏಳು ವರ್ಷದಿಂದ ಎಡಿಟಿಂಗ್‌ನಲ್ಲಿ ಅಸಿಸ್ಟೆಂಟ್. ಯಾವ ಸಿನಿಮಾ ಅಂತ ಹೇಳಲ್ಲ, ಆದರೆ ಒಳಗೆ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ.

ನಾನು ಕೆಲಸ ಮಾಡಿದ ಒಂದು ದೊಡ್ಡ ಸಿನಿಮಾದಲ್ಲಿ ಮೊದಲ ಅರ್ಧದಲ್ಲಿ ಹೀರೋನ ಓಣಿ ಇತ್ತು. ಒಬ್ಬ ಸೈಕಲ್ ಶಾಪಿನವನು, ಒಬ್ಬ ಅಜ್ಜಿ, ಎದುರುಮನೆ ಜಗಳ. ಹದಿನೆಂಟು ನಿಮಿಷ. ನಾವೆಲ್ಲ ಎಡಿಟ್ ರೂಮಿನಲ್ಲಿ ನಕ್ಕು ನಕ್ಕು ಸುಸ್ತಾಗಿದ್ದೆವು. ಹಿಂದಿ ಡಬ್ಬಿಂಗ್ ಟ್ರ್ಯಾಕ್ ಬಂದಾಗ ಆ ಹದಿನೆಂಟು ನಿಮಿಷದಲ್ಲಿ ಯಾರೂ ನಗಲಿಲ್ಲ. ಆ ಅಜ್ಜಿಯ ಮಾತು ಹಿಂದಿಗೆ ಹೋಗೋದೇ ಇಲ್ಲ. ಅವಳು ಬೈಯುವ ರೀತಿಯಲ್ಲೇ ಅವಳ ಊರಿದೆ, ಅದನ್ನು ಹೇಗೆ ಡಬ್ ಮಾಡುತ್ತೀರಿ? ಮೊದಲು ಹಿಂದಿ ವರ್ಷನ್‌ನಲ್ಲಿ ಕತ್ತರಿಸಿದರು. ಆಮೇಲೆ ಎಲ್ಲ ಭಾಷೆಗೂ ಒಂದೇ ಕಟ್ ಇರಲಿ ಅಂತ ಕನ್ನಡದಲ್ಲೂ ತೆಗೆದರು. ಆ ಜಾಗಕ್ಕೆ ಒಂದು ಫೈಟ್ ಬಂತು. ಫೈಟಿಗೆ ಭಾಷೆ ಬೇಡ.

ಅಮ್ಮ ಸಾಯೋದೂ ಹಾಗೇ. ಅದಕ್ಕೂ ಅನುವಾದ ಬೇಡ. ಬಿಲ್ಡಪ್ ಡೈಲಾಗೂ ಹಾಗೇ, "ಅವನು ಮನುಷ್ಯ ಅಲ್ಲ, ಬೆಂಕಿ" ಅಂತ ಐದು ಭಾಷೆಯಲ್ಲೂ ಹೇಳಬಹುದು. ಹಾಗಾಗಿ ಕೊನೆಗೆ ಉಳಿಯೋದು ಇವು ಮೂರೇ. ಯಾರೂ ಕೂತು ಒಂದೇ ಥರ ಸಿನಿಮಾ ಮಾಡೋಣ ಅಂತ ತೀರ್ಮಾನ ಮಾಡಲ್ಲ. ಐದು ಭಾಷೆಗೆ ಹೋಗದೇ ಇರೋದನ್ನೆಲ್ಲ ಒಂದೊಂದಾಗಿ ತೆಗೆಯುತ್ತಾ ಹೋಗುತ್ತಾರೆ. ತೆಗೆದಾದ ಮೇಲೆ ನೋಡಿದರೆ ಪಕ್ಕದವನ ಸಿನಿಮಾದಲ್ಲಿ ಉಳಿದಿರೋದೂ ಅದೇ.

ಆ ಗಡಸು ದನಿಯೂ ಹೀಗೇ ಬಂದದ್ದು. ಕೆಜಿಎಫ್‌ನಲ್ಲಿ ಅನಂತ್ ನಾಗ್ ಕಥೆ ಹೇಳುವ ಪಾತ್ರಕ್ಕೆ ಒಂದು ಕಾರಣ ಇತ್ತು, ಅವರು ಆ ಕಥೆ ಬರೆದ ಪತ್ರಕರ್ತ. ಈಗ ಸೀನ್ ಕತ್ತರಿಸಿ ಕಥೆ ತುಂಡಾದಾಗ ಹೊಲಿಗೆ ಹಾಕೋಕೆ ದನಿ ಬಳಸುತ್ತಾರೆ.

ಕೊಟ್ಟೂರು_ಬಸ್
ಆ ಅಜ್ಜಿ ಏನಂತ ಬೈದಳು? ಅದನ್ನಾದರೂ ಹೇಳಿ.

ಎಡಿಟ್_ಟೇಬಲ್
ಅದು ಬೇರೆಯವರು ಬರೆದ ಸಾಲು. ಸಿನಿಮಾದಲ್ಲಿ ಬಾರದೇ ಇದ್ದದ್ದನ್ನು ನಾನು ಇಲ್ಲಿ ಹಾಕೋದು ಸರಿಯಲ್ಲ. ಆ ಅಜ್ಜಿಯ ಪಾತ್ರ ಮಾಡಿದ್ದವರು ಹಳೇ ರಂಗಭೂಮಿ ಕಲಾವಿದೆ. ಸಿನಿಮಾದಲ್ಲಿ ಅವರು ಈಗ ಒಂದೇ ಶಾಟ್‌ನಲ್ಲಿ ಇದ್ದಾರೆ, ಹೀರೋ ಬಂದಾಗ ಕೈಮುಗಿಯುತ್ತಾರೆ. ಅದು ನನಗೆ ಇವತ್ತಿಗೂ ಸಂಕಟ.

ಮಲ್ಲಿಗೆ_ಮೈಸೂರು
ಅಮ್ಮ ಸಾಯುವ ವಿಷಯ ಬಂತಲ್ಲ, ನಾನೂ ಹೇಳಬೇಕು. ಈ ಸಿನಿಮಾಗಳಲ್ಲಿ ಹೆಂಗಸರಿಗೆ ಇರೋದು ಎರಡು ಕೆಲಸ. ಒಂದು ಹೀರೋಗೆ ಜನ್ಮ ಕೊಟ್ಟು ಸಾಯೋದು. ಇನ್ನೊಂದು ಅವನನ್ನು ಮೊದಲು ಬೈದು, ಎರಡು ಹಾಡು ಕಳೆದ ಮೇಲೆ ಪ್ರೀತಿಸೋದು. ಮುನ್ನೂರು ಜನ ಗಂಡಸರ ನಡುವೆ ಒಬ್ಬಳು ಕೂಡ ಮನೆಗೆ ಸಾಮಾನು ತರಲ್ಲ, ಸಾಲದ ಲೆಕ್ಕ ಹಾಕಲ್ಲ, ಗಂಡನ ಜೊತೆ ಜಗಳ ಆಡಲ್ಲ. ಊರು ಇಲ್ಲ ಅಂತೀರಲ್ಲ, ಹೆಂಗಸರು ಬದುಕದೇ ಇರೋ ಊರು ಊರು ಆಗೋದು ಹೇಗೆ? ನಾನು ಮೂರು ವರ್ಷದಿಂದ ಇಂಥ ಸಿನಿಮಾಗೆ ಹೋಗೋದೇ ಬಿಟ್ಟಿದ್ದೇನೆ.

ಬಳ್ಳಾರಿ_ಬಿಸಿಲು
ಈ ಮಾತನ್ನು ಒಪ್ಪುತ್ತೇನೆ ಅಕ್ಕಾ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಆದರೆ ಪ್ಯಾನ್ ಇಂಡಿಯಾ ಅನ್ನೋದನ್ನೇ ತಪ್ಪು ಅನ್ನಬೇಡಿ. ಕೆಜಿಎಫ್ ಶುರು ಮಾಡದಿದ್ದರೆ ನಾವು ಇನ್ನೂ ಅಲ್ಲೇ ಇರುತ್ತಿದ್ದೆವು.

ಹಳೇ_ಪೋಸ್ಟರ್
ಶುರು ಮಾಡಿದ್ದು ಕೆಜಿಎಫ್ ಅಲ್ಲ. ಬಾಹುಬಲಿ 2015ರಲ್ಲೇ ಬಂದಿತ್ತು. ಅದೂ ಬಿಡಿ, ನಮ್ಮ ರವಿಚಂದ್ರನ್ 1991ರಲ್ಲೇ ಶಾಂತಿ ಕ್ರಾಂತಿಯನ್ನು ಕನ್ನಡ, ತಮಿಳು, ತೆಲುಗು, ಹಿಂದಿ ನಾಲ್ಕು ಭಾಷೆಯಲ್ಲಿ ತೆಗೆದರು. ತಮಿಳು, ಹಿಂದಿಗೆ ರಜನಿಕಾಂತ್, ತೆಲುಗಿಗೆ ನಾಗಾರ್ಜುನ, ಕನ್ನಡಕ್ಕೆ ತಾವೇ. ಆ ಕಾಲಕ್ಕೆ ಊಹೆ ಮಾಡೋಕಾಗದಷ್ಟು ಖರ್ಚು. ಓಡಲಿಲ್ಲ. ಆದರೆ ಡಬ್ ಮಾಡೋದು ಬಿಟ್ಟು ಒಂದೊಂದು ಭಾಷೆಗೂ ಬೇರೆ ಬೇರೆ ಶೂಟ್ ಮಾಡುವ ಧೈರ್ಯ ಯಾರಿಗಿತ್ತು?

ಇನ್ನೊಂದು ವಿಷಯ. ಒಂದು ಗೆದ್ದರೆ ಅದರ ಹಿಂದೆ ನೂರು ಬರೋದು ಗಾಂಧಿನಗರದಲ್ಲಿ ಹೊಸದಲ್ಲ. 1995ರಲ್ಲಿ ಓಂ ಬಂತು, ಆಮೇಲೆ ಹತ್ತು ಹದಿನೈದು ವರ್ಷ ಮಚ್ಚು ಲಾಂಗು. ಓಂನಲ್ಲಿ ಮಚ್ಚಿಗೆ ಹೆದರಿಕೆ ಆಗುತ್ತಿತ್ತು, ಆಮೇಲೆ ಬಂದವುಗಳಲ್ಲಿ ಆಗಲಿಲ್ಲ. 2007ರಲ್ಲಿ ಮುಂಗಾರು ಮಳೆ ಬಂತು, ಆಮೇಲೆ ಮೂರು ವರ್ಷ ಎಲ್ಲ ಸಿನಿಮಾದಲ್ಲೂ ಮಳೆ, ಜೋಗ ಜಲಪಾತ, ಪಟಪಟ ಮಾತಾಡುವ ಹುಡುಗ. ಈಗ ಧೂಳು, ಗಡ್ಡ. ಅಷ್ಟೇ.

ಗಾಂಧಿಕ್ಲಾಸ್
ಮುಂಗಾರು ಮಳೆ 2006, ಡಿಸೆಂಬರ್ 29. ಓಡಿದ್ದು 2007 ಪೂರ್ತಿ, ಅದಕ್ಕೇ ಎಲ್ಲರಿಗೂ ಹಾಗೆ ನೆನಪು.

ಹಳೇ_ಪೋಸ್ಟರ್
ಸರಿ, 2006. ತಿದ್ದಿದ್ದಕ್ಕೆ ಥ್ಯಾಂಕ್ಸ್.

ಕುಂದಾಪ್ರ_ಕಡಲು
ನಾನು ಬೇರೆ ಕಡೆಯಿಂದ ಬರುತ್ತೇನೆ. ನೀವೆಲ್ಲ ಫಾರ್ಮುಲಾ ಅಂದರೆ ತಪ್ಪು ಅನ್ನೋ ಥರ ಮಾತಾಡುತ್ತಿದ್ದೀರಿ. ನಮ್ಮೂರ ಆಟ ನೋಡಿದ್ದೀರಾ? ಯಕ್ಷಗಾನದಲ್ಲಿ ಎಲ್ಲವೂ ಫಾರ್ಮುಲಾ. ಶುರುವಿಗೆ ಸಭಾಲಕ್ಷಣ, ಆಮೇಲೆ ಒಡ್ಡೋಲಗ ಅಂದರೆ ಪಾತ್ರದ ಪ್ರವೇಶ, ಯುದ್ಧ, ಕೊನೆಗೆ ಮಂಗಳ. ಹೀರೋನ ಕಾಲು, ಬೆನ್ನು, ಮುಖ ಅಂದಿರಲ್ಲ, ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರದ, ತೆರೆ ಒಡ್ಡೋಲಗ ನೋಡಿ. ಇಬ್ಬರು ತೆರೆ ಹಿಡಿದಿರುತ್ತಾರೆ. ಮೊದಲು ಆರ್ಭಟೆ, ಅಂದರೆ ಅವನ ಅಬ್ಬರದ ಕೂಗು ಮಾತ್ರ ಕೇಳುತ್ತದೆ. ಆಮೇಲೆ ಕಿರೀಟದ ತುದಿ. ಆಮೇಲೆ ಕೈ. ಚೆಂಡೆ ಏರುತ್ತಾ ಏರುತ್ತಾ ಹೋಗುತ್ತದೆ, ಮಕ್ಕಳು ಅಮ್ಮನ ಮಡಿಲಲ್ಲಿ ಮುಖ ಮುಚ್ಚಿಕೊಳ್ಳುತ್ತಾರೆ, ಆಗ ತೆರೆ ಸರಿಯುತ್ತದೆ. ಸಿನಿಮಾದವರ ಇಂಟ್ರೊಡಕ್ಷನ್ ಇದರ ಮೊಮ್ಮಗ.

ಕರ್ಣಪರ್ವ ನಾನು ಹತ್ತಿಪ್ಪತ್ತು ಸಲ ನೋಡಿದ್ದೇನೆ. ಕರ್ಣ ಸಾಯುತ್ತಾನೆ ಅಂತ ಮೂರು ವರ್ಷದ ಮಗುವಿಗೂ ಗೊತ್ತು. ಆದರೂ ರಾತ್ರಿ ಮೂರು ಗಂಟೆಗೆ ಚಳಿಯಲ್ಲಿ ಗದ್ದೆಯಲ್ಲಿ ಕೂತಿರುತ್ತೇವೆ. ಯಾಕಂದರೆ ಚಕ್ರ ಹೂತಾಗ ಈ ಕಲಾವಿದ ಏನು ಹೇಳುತ್ತಾನೆ ಅಂತ ಯಾರಿಗೂ ಗೊತ್ತಿಲ್ಲ. ಹೋದ ವಾರ ಕೋಪದಲ್ಲಿ ಹೇಳಿದ್ದನ್ನು ಈ ವಾರ ಮೆಲ್ಲಗೆ ಹೇಳಬಹುದು. ಎದುರಿನ ಕೃಷ್ಣ ಯಾರು ಅನ್ನೋದರ ಮೇಲೆ ಅರ್ಥ ಬದಲಾಗುತ್ತದೆ. ಕಥೆಯಲ್ಲಿ ಏನಾಗುತ್ತದೆ ಅನ್ನೋದು ಯಾವತ್ತೂ ಮುಖ್ಯ ಆಗಿರಲಿಲ್ಲ. ನಿಮ್ಮ ಮಗ ಮುಂದಿನದನ್ನು ಊಹೆ ಮಾಡಿದ್ದು ಸಮಸ್ಯೆಯೇ ಅಲ್ಲ. ಊಹೆ ಮಾಡಿದ ಮೇಲೂ ನೋಡಬೇಕು ಅನ್ನಿಸಲಿಲ್ಲವಲ್ಲ, ಅದು ಸಮಸ್ಯೆ.

ಶರಾವತಿ_ದಡ
ಇದನ್ನು ಅಪ್ಪನಿಗೆ ಓದಿ ಹೇಳಿದೆ. ಎರಡು ಸಲ ಓದಿಸಿದರು.

ಟೂರಿಂಗ್_ಟಾಕೀಸ್
ನಮ್ಮ ಮನೆಯವರು ತಾಲ್ಲೂಕು ಕೇಂದ್ರವೊಂದರಲ್ಲಿ ನಲವತ್ತು ವರ್ಷ ಥಿಯೇಟರ್ ನಡೆಸಿದವರು. ಈಗ ಅದು ಕಲ್ಯಾಣ ಮಂಟಪ. ದುಡ್ಡಿನ ಕಡೆ ಯಾರೂ ನೋಡುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಸಿನಿಮಾ ರೀಲಿನ ಪೆಟ್ಟಿಗೆ ಬೆಂಗಳೂರಿನಲ್ಲಿ ಓಡಿ, ಜಿಲ್ಲೆಗೆ ಬಂದು, ಆಮೇಲೆ ನಮ್ಮ ಊರಿಗೆ ಬರುತ್ತಿತ್ತು. ಬರುವ ಹೊತ್ತಿಗೆ ಸಿನಿಮಾ ಚೆನ್ನಾಗಿದೆಯಾ ಇಲ್ಲವಾ ಅಂತ ಊರಿಗೆಲ್ಲ ಗೊತ್ತಿರುತ್ತಿತ್ತು. ಹೊಸಬರ ಸಿನಿಮಾ ಮೊದಲ ವಾರ ಖಾಲಿ ಹೊಡೆದು ಮೂರನೇ ವಾರ ಹೌಸ್‌ಫುಲ್ ಆದದ್ದು ನಾನೇ ನೋಡಿದ್ದೇನೆ. ಈಗ ಪೆಟ್ಟಿಗೆಯೇ ಇಲ್ಲ. ಶುಕ್ರವಾರ ಬೆಳಗ್ಗೆ ಎಲ್ಲ ಕಡೆ ಒಟ್ಟಿಗೆ ಬಿಡುಗಡೆ. ಸೋಮವಾರ ಬೆಳಗ್ಗೆ ಹಣೆಬರಹ ತೀರ್ಮಾನ. ಮೂರು ದಿನದಲ್ಲಿ ಜನ ಬರಬೇಕು ಅಂದರೆ ಸಿನಿಮಾ ಹೇಗಿದೆ ಅಂತ ಗೊತ್ತಾಗುವ ಮೊದಲೇ ಬರಬೇಕು. ಅದಕ್ಕೆ ಟೀಸರ್, ಟ್ರೇಲರ್. ಟೀಸರಿನಲ್ಲಿ ಅಜ್ಜಿಯ ಬೈಗುಳ ಹಾಕೋಕಾಗಲ್ಲ, ಕೋವಿ ಹಾಕಬಹುದು. ನಾಲ್ಕು ಟೀಸರ್ ಬೇಕು ಅಂದರೆ ನಾಲ್ಕು ದೊಡ್ಡ ಶಾಟ್ ಬೇಕು, ಆಮೇಲೆ ಆ ನಾಲ್ಕು ಶಾಟಿನ ಸುತ್ತ ಕಥೆ ಬರೆಯುತ್ತಾರೆ.

ನೂರು ಕೋಟಿ ಸಾಲ ಬಡ್ಡಿಗೆ ತಂದವನ ಜಾಗದಲ್ಲಿ ನಿಂತು ನೋಡಿ. ಅವನಿಗೆ ಹೊಸದು ಬೇಡ. ಹೋದ ವರ್ಷ ಗೆದ್ದದ್ದು ಬೇಕು. ನಾನು ಅವನನ್ನು ಬೈಯೋಕೆ ಹೋಗಲ್ಲ, ನಮ್ಮ ಅಪ್ಪನೂ ಹಾಗೇ ಸಿನಿಮಾ ಹಾಕುತ್ತಿದ್ದರು.

ಫ್ರೀಮಾಂಟ್_ಕನ್ನಡಿಗ
ಇಲ್ಲಿ ಅಮೆರಿಕದಲ್ಲೂ ಇದೇ ಗೋಳು. 2005ರಲ್ಲಿ ಬ್ಲೇಕ್ ಸ್ನೈಡರ್ ಬರೆದ ಒಂದು ಪುಸ್ತಕ ಬಂತು, ಸೇವ್ ದ ಕ್ಯಾಟ್ ಅಂತ. ಚಿತ್ರಕಥೆಯನ್ನು 15 ಘಟ್ಟ ಮಾಡಿ, ಯಾವ ಪುಟದಲ್ಲಿ ಏನಾಗಬೇಕು ಅಂತ ಪಟ್ಟಿ ಹಾಕಿ ಕೊಟ್ಟರು. ಹೊಸದಾಗಿ ಬರೆಯೋಕೆ ಶುರು ಮಾಡುವವರ ಕೈಯಲ್ಲೆಲ್ಲ ಅದೇ. ಸೂಪರ್‌ಹೀರೋ ಸಿನಿಮಾಗಳು 2019ರ ಎಂಡ್‌ಗೇಮ್‌ವರೆಗೆ ಏರಿದವು, ಆಮೇಲೆ ನನ್ನ ಮಕ್ಕಳಿಗೇ ಬೇಜಾರಾಯಿತು. ಕೊನೆಗೆ ಆಕಾಶದಿಂದ ಏನೋ ಬೀಳುತ್ತದೆ, ಊರು ಧ್ವಂಸ ಆಗುತ್ತದೆ, ಯಾವ ಊರಾದರೂ ಒಂದೇ.

ಬಳ್ಳಾರಿ_ಬಿಸಿಲು
ಅಲ್ಲಿ ಟಿಕೆಟ್ ಎಷ್ಟು? ಇಲ್ಲಿ ಮಲ್ಟಿಪ್ಲೆಕ್ಸಿನಲ್ಲಿ ಮೊದಲ ವಾರ ಐನೂರು ಆರುನೂರು ಹೇಳುತ್ತಾರೆ.

ಗಾಂಧಿಕ್ಲಾಸ್
2025ರ ಸೆಪ್ಟೆಂಬರಿನಲ್ಲಿ ಸರ್ಕಾರ 200 ರೂಪಾಯಿ ಮಿತಿ ಅಂತ ನಿಯಮ ತಂದಿತ್ತಲ್ಲ, ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಟಿಕೆಟ್ ರೇಟು ಹೀಗಿದ್ದರೆ ಜನ ವರ್ಷಕ್ಕೆ ಎರಡು ಸಿನಿಮಾಗೆ ಮಾತ್ರ ಹೋಗುತ್ತಾರೆ. ಆ ಎರಡಕ್ಕೆ ದೊಡ್ಡದನ್ನೇ ಆರಿಸುತ್ತಾರೆ. ಇದೂ ಕಾರಣವೇ.

ಮಲ್ಲಿಗೆ_ಮೈಸೂರು
ಟಿಕೆಟ್ ವಿಷಯಕ್ಕೆ ಬೇರೆ ಚರ್ಚೆ ಶುರು ಮಾಡಿ, ಅಲ್ಲೂ ಬರುತ್ತೇನೆ. ಇಲ್ಲಿ ಊರಿನ ಮಾತು ಚೆನ್ನಾಗಿ ನಡೆಯುತ್ತಿತ್ತು.

ಚಾಂಪಿಯನ್_ರೀಫ್
ಊರಿನ ಮಾತು ಅಂದಿರಲ್ಲ. ನಾನು ಕೆಜಿಎಫ್‌ನವನು. ಸಿನಿಮಾದ್ದಲ್ಲ, ಊರಿನ ಕೆಜಿಎಫ್.

ನಮ್ಮ ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸ ಮಾಡಿದವರು. ಅದು ಮೂರು ಕಿಲೋಮೀಟರಿಗಿಂತ ಆಳ. ಕೆಳಗೆ ಕಲ್ಲು ಮುಟ್ಟಿದರೆ ಸುಡುತ್ತಿತ್ತು ಅಂತ ಹೇಳುತ್ತಿದ್ದರು. ರಾಕ್ ಬರ್ಸ್ಟ್, ಅಂದರೆ ಒತ್ತಡಕ್ಕೆ ಒಳಗೆ ಬಂಡೆ ಸಿಡಿಯೋದು, ಆದರೆ ಮೇಲೆ ಮನೆಯಲ್ಲಿ ಪಾತ್ರೆ ಅಲುಗಾಡುತ್ತಿತ್ತು. ಪಾತ್ರೆ ಅಲುಗಿದ ತಕ್ಷಣ ಅಜ್ಜಿ ಮಕ್ಕಳನ್ನು ಎತ್ತಿಕೊಂಡು ಗಣಿಗೆ ಇಳಿಯುವ ಶಾಫ್ಟ್ ಹತ್ತಿರ ಓಡುತ್ತಿದ್ದರಂತೆ. ಶಿವನಸಮುದ್ರದಿಂದ 1902ರಲ್ಲೇ ನಮ್ಮೂರಿನ ಗಣಿಗೆ ಕರೆಂಟು ಬಂದಿತ್ತು. ಮನೆಯಲ್ಲಿ ತಮಿಳು, ಅಂಗಡಿಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಾಹೇಬರ ಜೊತೆ ಇಂಗ್ಲಿಷು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಈಗ ಬೆಳಗ್ಗೆ ಕತ್ತಲಲ್ಲೇ ಜನ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಬರುತ್ತಾರೆ.

ಸಿನಿಮಾ ನೋಡಿ ಖುಷಿ ಆಯಿತು, ಸುಳ್ಳು ಹೇಳಲ್ಲ. ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ರಾಶಿ, ನಮ್ಮ ಸೈನೈಡ್ ದಿಬ್ಬಗಳು ಪರದೆ ಮೇಲೆ ಬಂದವು. ಆದರೆ ಈಗ ಎಲ್ಲಿ ಹೋಗಿ ಕೆಜಿಎಫ್ ಅಂದರೂ ಜನ ಹೀರೋನ ಡೈಲಾಗ್ ಹೇಳುತ್ತಾರೆ. ತಾತನ ಶ್ವಾಸಕೋಶದ ಬಗ್ಗೆ ಯಾರೂ ಕೇಳಲ್ಲ.

ಬಳ್ಳಾರಿ_ಬಿಸಿಲು
ಅಣ್ಣಾ, ಅದು ಕಟ್ಟುಕಥೆ ಅಲ್ವಾ? ನರಾಚಿ ಅಂತ ಬೇರೆಯೇ ಜಾಗ. ಅದರಲ್ಲಿ ಚಿನ್ನ ಸಿಗೋದೇ 1951ರಲ್ಲಿ. ಡಾಕ್ಯುಮೆಂಟರಿ ಅಂತ ಯಾರೂ ಹೇಳಿಲ್ಲ.

ಚಾಂಪಿಯನ್_ರೀಫ್
ಕಟ್ಟುಕಥೆಯೇ. ಅದಕ್ಕೆ ಜಗಳ ಇಲ್ಲ. ಆದರೆ ಪಾತ್ರೆ ಅಲುಗಿದಾಗ ಓಡುವ ಅಜ್ಜಿಯನ್ನು ಒಂದು ಸೀನಿನಲ್ಲಿ ಹಾಕಿದ್ದರೆ, ಆ ಮೇಲೆ ಹೀರೋ ಬಂದಾಗ ನೀವು ಇನ್ನೂ ಜೋರಾಗಿ ಕೂಗುತ್ತಿದ್ದಿರಿ. ಯಾರನ್ನು ಕಾಪಾಡೋಕೆ ಬಂದ ಅಂತ ಗೊತ್ತಿರುತ್ತಿತ್ತು.

ಬಳ್ಳಾರಿ_ಬಿಸಿಲು
ಹೌದು. ಹಾಗೆ ಮಾಡಿದ್ದರೆ ನಾನು ಅತ್ತುಬಿಡುತ್ತಿದ್ದೆ.

ಎಡಿಟ್_ಟೇಬಲ್
ಇದಕ್ಕೆ ಉದಾಹರಣೆ ಕಾಂತಾರ. 2022ರಲ್ಲಿ ಬಂದದ್ದು, 16 ಕೋಟಿಯ ಆಸುಪಾಸಿನ ಸಿನಿಮಾ. ಅಸ್ಥಿಪಂಜರ ಪೂರ್ತಿ ಹಳೆಯದು. ಮೋಸ ಮಾಡುವ ಧಣಿ, ಕಟ್ಟುನಿಟ್ಟಿನ ಅಧಿಕಾರಿ, ಉಡಾಳ ಹುಡುಗ, ಕೊನೆಗೆ ದೊಡ್ಡ ಹೊಡೆದಾಟ. ಆದರೆ ಕಂಬಳ, ಕೋಲ, ಕೋಳಿ ಅಂಕ, ಹಂದಿ ಬೇಟೆ, ಆ ಕನ್ನಡ. ಮೊದಲು ಕನ್ನಡದಲ್ಲಿ ಮಾತ್ರ ಬಿಟ್ಟರು. ಎರಡು ವಾರ ಆದ ಮೇಲೆ ಹಿಂದಿಯವರೇ ಕೇಳಿಕೊಂಡು ಬಂದರು. ಯಾರಿಗೂ ಅರ್ಥ ಆಗಲ್ಲ ಅಂತ ಒಂದು ಸೀನೂ ತೆಗೆದಿರಲಿಲ್ಲ ಅನ್ನಿಸುತ್ತದೆ.

ತೆಂಕುತಿಟ್ಟು
ತುಳುನಾಡಿನವನಾಗಿ ಒಂದು ಮಾತು. ಆ ಸಿನಿಮಾ ನಮಗೆ ಹೆಮ್ಮೆಯೇ. ಆದರೆ ಆಮೇಲೆ ಏನಾಯಿತು? ದೈವ ಕೂಡ ಫಾರ್ಮುಲಾ ಆಯಿತು. ಈಗ ಯಾವ ಸಿನಿಮಾ ನೋಡಿದರೂ ಎರಡನೇ ಅರ್ಧದಲ್ಲಿ ಯಾರೋ ಒಬ್ಬನ ಮೈಮೇಲೆ ಬರುತ್ತದೆ. ಜನ ಥಿಯೇಟರಿನಲ್ಲಿ, ವೇದಿಕೆ ಮೇಲೆ ದೈವದ ವೇಷ ಹಾಕಿ ಕೂಗುತ್ತಾರೆ. ನಮ್ಮ ಮನೆಯಲ್ಲಿ ಕೋಲದ ದಿನ ದೈವದ ಎದುರು ಅಜ್ಜ ಕೈಕಟ್ಟಿ ನಿಂತು, ಈ ವರ್ಷ ಮನೆಯಲ್ಲಿ ಏನೇನಾಯಿತು ಅಂತ ಒಪ್ಪಿಸುತ್ತಾರೆ. ಅದು ನಮಗೆ ಬದುಕು. ಬೇರೆ ಊರಿನವರು ಅದನ್ನು ಎತ್ತಿಕೊಂಡು ಹೋಗಿ ಕ್ಲೈಮ್ಯಾಕ್ಸ್ ಮಾಡಿದರೆ ನೋವಾಗುತ್ತದೆ. ಊರು ಹಾಕಿ ಅಂತೀರಿ, ಸರಿ. ಆದರೆ ಬೇರೆಯವರ ಊರನ್ನು ಹಾಕಬೇಡಿ. ನಿಮ್ಮ ಊರಿನಲ್ಲೂ ಏನಾದರೂ ಇದ್ದೇ ಇರುತ್ತದೆ, ಅದನ್ನು ಹುಡುಕಿ.

ಮಲ್ಲಿಗೆ_ಮೈಸೂರು
ಇದಕ್ಕೆ ನೂರು ಲೈಕ್ ಕೊಡಬೇಕು.

ಕೊಟ್ಟೂರು_ಬಸ್
ಸು ಫ್ರಮ್ ಸೋ ಯಾರೂ ಹೇಳಲಿಲ್ಲವಲ್ಲ? 2025ರ ಜುಲೈಯಲ್ಲಿ ಬಂತು. ದೊಡ್ಡ ಸ್ಟಾರ್ ಇಲ್ಲ, ಫೈಟಿಲ್ಲ, ಕರಾವಳಿಯ ಒಂದು ಹಳ್ಳಿ, ಒಂದು ದೆವ್ವದ ಸುದ್ದಿ. ನಾನು ಬಯಲುಸೀಮೆಯವನು. ಮೊದಲ ಹತ್ತು ನಿಮಿಷ ಆ ಮಾತು ಕಿವಿಗೆ ಕೂರಲಿಲ್ಲ, ಆಮೇಲೆ ಅವರೆಲ್ಲ ನಮ್ಮ ಓಣಿಯವರೇ ಅನ್ನಿಸಿತು. ನೂರು ಕೋಟಿ ದಾಟಿತು ಅದು. ಮಾತು ಹೊರಗೆ ಹೋಗಲ್ಲ ಅನ್ನೋ ಹೆದರಿಕೆ ಎಷ್ಟು ನಿಜ ಅಂತ ಎಡಿಟ್_ಟೇಬಲ್ ಅವರೇ ಹೇಳಬೇಕು.

ಎಡಿಟ್_ಟೇಬಲ್
ಹೋಗುತ್ತದೆ. ನಿಧಾನವಾಗಿ ಹೋಗುತ್ತದೆ. ಟೂರಿಂಗ್_ಟಾಕೀಸ್ ಅವರು ಹೇಳಿದ ಮೂರು ದಿನದಲ್ಲಿ ಹೋಗಲ್ಲ. ಐದು ಕೋಟಿಯ ಸಿನಿಮಾ ಕಾಯಬಹುದು. ನೂರು ಕೋಟಿಯದು ಕಾಯೋಕಾಗಲ್ಲ.

ಶರಾವತಿ_ದಡ
ಇಷ್ಟು ಜನ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಅಪ್ಪನಿಗೆ ರಾತ್ರಿ ಪೂರ್ತಿ ಓದಿ ಹೇಳಿದೆ. ಅವರು 1972ರಲ್ಲಿ ಬಂಗಾರದ ಮನುಷ್ಯ ನೋಡಿದ ಕಥೆ ಶುರು ಮಾಡಿದರು. ನಾನು ಅದೂ ಫಾರ್ಮುಲಾನೇ ಅಲ್ವಾ, ಎಲ್ಲರಿಗೂ ಒಳ್ಳೆಯದು ಮಾಡಿ ಕೊನೆಗೆ ಎಲ್ಲ ಬಿಟ್ಟು ಹೋಗುವ ಹೀರೋ ಅಂತ ವಾದ ಮಾಡಿದೆ. "ಹೌದು, ಆದರೆ ರಾಜೀವಪ್ಪ ಯಾವ ನೆಲ ಉತ್ತ, ಅದು ಎಷ್ಟು ಬಂಜರಾಗಿತ್ತು, ನೀರು ಹೇಗೆ ಬಂತು ಅಂತ ನನಗೆ ಇವತ್ತಿಗೂ ಗೊತ್ತು" ಅಂದರು. ಆ ಸಿನಿಮಾ ನೋಡಿ ಬಂದ ಮೇಲೆ ನಮ್ಮ ಅಜ್ಜ ಪಾಳು ಬಿಟ್ಟಿದ್ದ ಅರ್ಧ ಎಕರೆಗೆ ಅಡಿಕೆ ಸಸಿ ಹಾಕಿದರಂತೆ. ಆ ತೋಟ ಇವತ್ತೂ ಇದೆ, ನಾನು ಅದರಲ್ಲೇ ಆಡಿ ಬೆಳೆದವನು. ಅದು ಸಿನಿಮಾದಿಂದ ಬಂದ ತೋಟ ಅಂತ ನಿನ್ನೆಯವರೆಗೆ ನನಗೆ ಗೊತ್ತಿರಲಿಲ್ಲ.

ಇನ್ನೊಂದು, ಚಾಂಪಿಯನ್_ರೀಫ್ ಅವರೇ, ಅಪ್ಪ ನಿಮ್ಮ ಊರು ನೋಡಬೇಕು ಅಂತಿದ್ದಾರೆ. ಸುಮ್ನೆ ಮಾತಿಗೆ ಹೇಳುತ್ತಿಲ್ಲ.

ಚಾಂಪಿಯನ್_ರೀಫ್
ಬನ್ನಿ. ಬೆಂಗಳೂರಿನಿಂದ ಮಾರಿಕುಪ್ಪಂ ರೈಲು ಹತ್ತಿ, ಚಾಂಪಿಯನ್ ಸ್ಟೇಷನ್ನಿನಲ್ಲಿ ಇಳಿಯಿರಿ. ನಾನು ಅಲ್ಲೇ ನಿಂತಿರುತ್ತೇನೆ. ಮಧ್ಯಾಹ್ನ ಊಟ ನಮ್ಮ ಮನೆಯಲ್ಲಿ, ಅಜ್ಜಿ ಇನ್ನೂ ಇದ್ದಾರೆ.